ನನ್ನ ಹೆಸರಿನಲ್ಲಿ ಎಲ್ಲರ ಕೆಲಸ

ಪುಲಿಕೇಶಿನಗರದ ನಮ್ಮ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರು ಒಂದೇ. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಹಿಡಿದು ಎಲ್ಲರಿಗಿಂತ ಮೊದಲು ಬರುವವಳು ನಾನು. ಒರೆಸಿದ ನೆಲ ಒಣಗುವಷ್ಟರಲ್ಲಿ ನನ್ನ ಪಾಸ್‌ವರ್ಡ್ ಹಾಕಿ ತೆರೆದಿಟ್ಟರೆ, ಸಂಜೆಯವರೆಗೂ ಎಲ್ಲರೂ ಅದರಲ್ಲೇ ಕೆಲಸ ಮಾಡುತ್ತಿದ್ದರು. ಒಬ್ಬರು ಲಾಗೌಟ್ ಆಗಿ ಇನ್ನೊಬ್ಬರು ಲಾಗಿನ್ ಆಗಲು ಆ ಹಳೆಯ ಯಂತ್ರಕ್ಕೆ ಐದು ನಿಮಿಷ ಬೇಕು; ಹೊರಗೆ ನೋಡಿದರೆ ಖಾಲಿ ಹೊಟ್ಟೆಯಲ್ಲಿ ಬಂದವರ ಸಾಲು. "ಅಕ್ಕ ಬಂದು ಬಾಗಿಲು ತೆಗೀಲಿ, ಆಮೇಲೆ ನಮ್ಮ ಸಂಸಾರ" ಎಂದು ರಕ್ತ ತೆಗೆಯುವವನು ನಗುತ್ತಿದ್ದ.

ಕಲಬುರಗಿ ಕಡೆಯಿಂದ ಬಂದು ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಹೆಂಗಸೊಬ್ಬಳು ವರದಿ ಟೈಪ್ ಮಾಡುವ ಕೆಲಸಕ್ಕೆ ಸೇರಿದಳು. ಮಾಲೀಕರು ಮೊದಲ ದಿನವೇ ಅವಳಿಗೆ ಅವಳದೇ ಪಾಸ್‌ವರ್ಡಿನ ಚೀಟಿ ಕೊಟ್ಟರು. ನಾನೇ ಹೇಳಿದೆ: "ಅದನ್ನ ಪರ್ಸಲ್ಲಿ ಇಟ್ಕೊಳಮ್ಮ. ನಂದು ಹೆಂಗೂ ತೆರೆದಿರತ್ತೆ, ಅದ್ರಲ್ಲೇ ಮಾಡು."

ಮೂರು ತಿಂಗಳಾದ ಮೇಲೆ ರೋಗಿಯೊಬ್ಬರ ಮಗ ಸಿಟ್ಟಿನಲ್ಲಿ ಬಂದ. ಒಂದೇ ಹೆಸರಿನ ಇಬ್ಬರ ಸಕ್ಕರೆ ವರದಿ ಅದಲುಬದಲಾಗಿ, ಅವನ ತಂದೆ ಬೇಡದ ಮಾತ್ರೆ ನುಂಗಿ ತಲೆಸುತ್ತಿ ಬಿದ್ದಿದ್ದರು. ಕಂಪ್ಯೂಟರಿನಲ್ಲಿ ಆ ವರದಿಯ ಕೆಳಗೆ ನನ್ನ ಹೆಸರಿತ್ತು. ಸಮಯ ಮಧ್ಯಾಹ್ನ ಒಂದೂವರೆ.

ಮಾಲೀಕರು ನನ್ನನ್ನೂ ಟೈಪ್ ಮಾಡುವವಳನ್ನೂ ಒಳಗೆ ಕರೆದರು. "ಯಾರ್ರೀ ಮಾಡಿದ್ದು? ಮಾಡಿದವರು ನಾಳೆಯಿಂದ ಬರೋದು ಬೇಡ."

"ನಾನು ಆಗ ಊಟಕ್ಕೆ ಹೋಗಿದ್ದೆ ಸರ್" ಎಂದೆ. ಅದು ನಿಜವೇ. ಚೀಟಿ ಪರ್ಸಲ್ಲಿಡು ಎಂದವಳು ನಾನೇ ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

"ನಂದ ತಪ್ಪಾಗ್ಯಾದ್ರಿ ಸರ್" ಎಂದಳು ಅವಳು, ಸೆರಗಿನ ತುದಿ ನೋಡುತ್ತಾ.

ಸಂಜೆ ಇಬ್ಬರೂ ಬಸ್‌ಸ್ಟಾಪಿನಲ್ಲಿ ನಿಂತೆವು. ಅವಳ ಕೈಯಲ್ಲಿ ಊಟದ ಡಬ್ಬಿ ಹಾಗೇ ಇತ್ತು, ತೆರೆದಿರಲಿಲ್ಲ.

"ಮನ್ಯಾಗ ಏನ್ ಹೇಳ್ಲಿ ಅಂತ ತಿಳೀವಲ್ದ್ರಿ" ಎಂದಳು. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ, "ನಿಮ್ದರಾಗ ಮಾಡು ಅಂತ ನೀವ ಹೇಳಿದ್ದು ನಾ ಸರ್ ಮುಂದ ಎತ್ತಲಿಲ್ರಿ ಅಕ್ಕಾ. ಇಬ್ರೂ ಯಾಕ ಕೆಲ್ಸಾ ಕಳ್ಕೋಬೇಕು?"

ಒಂದೇ ಸೀಟಿನಲ್ಲಿ ಕೂತೆವು. ಟಿನ್ ಫ್ಯಾಕ್ಟರಿಯಲ್ಲಿ ನಾನು ಇಳಿದೆ, ಅವಳು ಕೆ.ಆರ್. ಪುರಕ್ಕೆ ಮುಂದೆ ಹೋದಳು.

ಈಗ ನೀರು ಕುಡಿಯಲು ಎದ್ದರೂ ಲಾಗೌಟ್ ಮಾಡಿಯೇ ಏಳುತ್ತೇನೆ. ಸಾಲಿನಲ್ಲಿದ್ದವರು ಗೊಣಗುತ್ತಾರೆ. ಮೊನ್ನೆ ಅವಳ ಜಾಗಕ್ಕೆ ಹೊಸಬಳು ಬಂದಾಗ ಮಾಲೀಕರು ಹೊಸಬಳ ಪಾಸ್‌ವರ್ಡ್ ಚೀಟಿಯನ್ನು ನನ್ನ ಕೈಗೇ ಕೊಟ್ಟು, "ಇವರನ್ನ ನೋಡಿ ಕಲೀಮ್ಮ, ಇವರು ಬಲೇ ಹುಷಾರು" ಎಂದರು.

ಆಗಲೂ ನಾನು ಬಾಯಿ ಬಿಡಲಿಲ್ಲ.