ಗುಂಡಮ್ಮನ ಎಲೆ, ಹುಲಗೇಶನ ಸ್ಪೀಕರು

ಹೈದರಾಬಾದಿಗೆ ಸಾಫ್ಟ್‌ವೇರ್ ಬಂತು, ಅದರ ಬೆನ್ನಿಗೆ ಸಂಬಳ ಬಂತು, ಸಂಬಳದ ಬೆನ್ನಿಗೆ ಕಾರು ಬಂತು. ಕಾರುಗಳೇನೋ ಸಾವಿರಗಟ್ಟಲೆ ಬಂದವು, ಆದರೆ ಬಹುಪಾಲು ಮೂಕವಾಗಿಯೇ ಬಂದವು. ಆ ಮೂಕಜೀವಿಗಳಿಗೆ ಬಾಯಿ ಬರಿಸಲೆಂದು ಕೋಠಿಯ ಒಂದು ಗಲ್ಲಿಯಲ್ಲಿ ಅವತರಿಸಿದವನೇ ಹುಲಗೇಶ.

ಅವತರಿಸಿದ್ದು ಕೊಪ್ಪಳದ ಕಡೆಯಿಂದ, ಕಟ್ಟಡದ ಕೆಲಸಕ್ಕೆ ಹೊರಟ ಗುಂಪಿನೊಂದಿಗೆ, ಲಾರಿಯ ಹಿಂಭಾಗದಲ್ಲಿ. ಒಂದಷ್ಟು ಕಾಲ ಇಟ್ಟಿಗೆ ಹೊತ್ತ. ಇಟ್ಟಿಗೆ ಎಷ್ಟು ಹೊತ್ತರೂ ಒಂದು ಹಾಡೂ ಹಾಡುವುದಿಲ್ಲವೆಂದು ಬೇಸತ್ತು ರೇಡಿಯೊ ರಿಪೇರಿ ಅಂಗಡಿ ಸೇರಿದ. ಅಲ್ಲಿಂದ ಟೇಪ್‌ರೆಕಾರ್ಡರು, ಟೇಪ್‌ರೆಕಾರ್ಡರಿನಿಂದ ಕಾರಿನ ಸ್ಪೀಕರು. ಈಗ ಅವನದೇ ಅಂಗಡಿ ಇತ್ತು. ಇಬ್ಬರು ಒಳಗೆ ನಿಂತರೆ ಮೂರನೆಯವನು ರಸ್ತೆಯಲ್ಲಿ ನಿಲ್ಲಬೇಕು, ಅಷ್ಟು ವಿಶಾಲ. ಕೆಲಸವೆಲ್ಲ ರಸ್ತೆಯಲ್ಲೇ ನಡೆಯುತ್ತಿತ್ತಾದ್ದರಿಂದ ಆಟೋದವರೂ ಎಮ್ಮೆಗಳೂ ಅವನ ವಿದ್ಯೆಗೆ ನಿತ್ಯಸಾಕ್ಷಿ.

ಅವನು ಕಾರಿನ ಬಾಗಿಲು ಬಿಚ್ಚುವುದು ನೋಡುವಂಥದ್ದು. ಬಾಗಿಲಿನ ಒಳಮೈಗೆ ಹೊದಿಸಿದ ಹಲಗೆಗೆ ಡೋರ್‌ಪ್ಯಾಡ್ ಎನ್ನುತ್ತಾರೆ. ಅದು ಪ್ಲಾಸ್ಟಿಕ್ ಕ್ಲಿಪ್ಪುಗಳ ಆಧಾರದಲ್ಲಿ ಕಚ್ಚಿಕೊಂಡಿರುತ್ತದೆ. ಬೇರೆಯವರು ಎಳೆದರೆ ಕ್ಲಿಪ್ಪು ಲಟಕ್ಕನೆ ಮುರಿಯುತ್ತಿತ್ತು. ಹುಲಗೇಶ ಎಳೆದರೆ ಎದ್ದು, ನಮಸ್ಕರಿಸಿ, ತಾನಾಗಿ ಹೊರಗೆ ಬರುತ್ತಿತ್ತು. ಗ್ಲಾಸು ಇಳಿಸುವ ಹಿಡಿಕೆಯ ಹಿಂದೆ ಒಂದು ತಂತಿಯ ಲಾಕು ಅಡಗಿರುತ್ತದೆ. ಅದನ್ನು ಉಳಿದವರು ಸ್ಕ್ರೂಡ್ರೈವರು ತುರುಕಿ, ತಂತಿಯ ವಂಶವನ್ನೆಲ್ಲ ಬೈದು ತೆಗೆಯುತ್ತಿದ್ದರು. ಇವನು ಹಿಡಿಕೆಯ ಹಿಂದೆ ಕರವಸ್ತ್ರ ಹಾಕಿ, ಬೆನ್ನು ಉಜ್ಜಿದಂತೆ ಆಚೀಚೆ ಎಳೆದರೆ ಸಾಕು, ಲಾಕು ಟಣ್ಣನೆ ಹಾರಿ ಬೀಳುತ್ತಿತ್ತು.

ಇಂಥ ವೀರನಿಗೂ ಒಂದು ಸೋಮಾರಿತನ ಅಂಟಿಕೊಂಡಿತ್ತು. ಬಾಗಿಲ ಹೊಟ್ಟೆಯೊಳಗೆ ಗ್ಲಾಸು ಇಳಿಯುವ ದಾರಿಯೂ ಸ್ಪೀಕರಿನ ಬೆನ್ನಿಗಿರುವ ಮ್ಯಾಗ್ನೆಟ್ಟಿನ ಜಾಗವೂ ಹೆಚ್ಚುಕಡಿಮೆ ಒಂದೇ. ಮ್ಯಾಗ್ನೆಟ್ಟು ದಪ್ಪವಾದರೆ ಗ್ಲಾಸು ಅದಕ್ಕೆ ತಗುಲಿ ನಿಂತುಬಿಡುತ್ತದೆ. ಮೊದಮೊದಲು ಹುಲಗೇಶ ಪ್ರತಿ ಬಾಗಿಲ ಗ್ಲಾಸನ್ನೂ ಇಳಿಸಿ ನೋಡುತ್ತಿದ್ದ. ಆದರೆ ಅವನ ಸಾಫ್ಟ್‌ವೇರ್ ಗಿರಾಕಿಗಳು ಎಸಿಯೊಳಗೆ ಕುಳಿತವರು. ಗ್ಲಾಸು ಇಳಿಸಿದರೆ ಹೈದರಾಬಾದು ಒಳಗೆ ಬಂದುಬಿಡುತ್ತದೆಂದು ಹೆದರುವ ಜನ. ವರ್ಷಗಳು ಕಳೆದರೂ ಒಬ್ಬನಾದರೂ ದೂರು ತರಲಿಲ್ಲ. ಗ್ಲಾಸೆಂಬುದು ಇಳಿಯುವ ವಸ್ತು ಎಂಬುದನ್ನೇ ಹುಲಗೇಶ ಮರೆತ.

ಹೀಗಿರುವಾಗ ಅವನಿಗೆ ಮದುವೆಯ ಯೋಗ ಕೂಡಿಬಂತು. ಎದುರಿನ ಔಷಧಿ ಅಂಗಡಿಯಲ್ಲಿ ಬಿಲ್ ಬರೆಯುವ ಶೈಲಾ, 'ನಿನ್ನ ಡಬ್ಬಿ ಸಣ್ಣಗ ಮಾಡು, ಗಿರಾಕಿ ಜ್ವರದ ಗುಳಿಗಿ ಕೇಳಿದ್ರ ನನಗ ಹಾಡು ಕೇಳಸ್ತೈತಿ' ಎಂದು ಜಗಳಕ್ಕೆ ಬಂದವಳು, ಬರಬರುತ್ತ ಜಗಳವಿಲ್ಲದೆಯೂ ಬರತೊಡಗಿದಳು. ಆಕೆಯ ಅಪ್ಪ ಮೌನಪ್ಪ ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಲೇತ್ ಮಷಿನ್ ನಡೆಸುವವನು. ಹೆಸರಿಗೆ ಮಾತ್ರ ಮೌನಪ್ಪ. ಹುಲಗೇಶ ಹೆಣ್ಣು ಕೇಳಲು ಹೋದ ದಿನ ಆತ ಕುರ್ಚಿ ಎಳೆದುಕೊಂಡು ಕೂತ.

"ಏನ್ ಕೆಲಸ ಮಾಡ್ತೀಪಾ?"

"ಕಾರಿಗೆ ಸ್ಪೀಕರ್ ಕೂಡಸ್ತೀನ್ರಿ."

"ಅದು ಕೆಲಸೇನೊ, ಗದ್ಲೇನೊ? ನಮ್ಮ ಓಣ್ಯಾಗ ಎಲ್ಲಾರೂ ಸಾಫ್ಟ್‌ವೇರ್ ಅಳಿಯನ್ನ ಹುಡುಕಾಕತ್ತಾರ. ನಾ ಹೋಗಿ ಬ್ಯಾಂಡಿನ ಅಳಿಯನ್ನ ತರ್ಲೇನು?"

ಅಡುಗೆಮನೆಯಿಂದ ಶೈಲಾಳ ದನಿ ಬಂತು. "ಸಾಫ್ಟ್‌ವೇರಿನವ ಒಬ್ಬ ಬಂದಿದ್ನಲ್ಲಪ್ಪಾ, ಉಪ್ಪಿಟ್ಟು ತಿಂದು ಹೋದ. ತಿರುಗಿ ಬಂದ್ನೇನು?"

ಮೌನಪ್ಪ ಹೆಸರಿಗೆ ತಕ್ಕಂತೆ ಅರೆಗಳಿಗೆ ಸುಮ್ಮನಾದ. ಆಮೇಲೆ ತೀರ್ಪು ಕೊಟ್ಟ. "ಆಯ್ತವಾರ ರಾಯಚೂರಿಂದ ನಮ್ಮ ಗುಂಡಮ್ಮಕ್ಕ ಬರಾಕಿ ಅದಾಳ. ನಾ ಮೊನ್ನೆ ಮಾರುತಿ ತಗೊಂಡೀನಿ, ಸೆಕೆಂಡ್ ಹ್ಯಾಂಡು. ಅದಕ್ಕ ಸ್ಪೀಕರ್ ಹಚ್ಚು. ಅಕ್ಕನ್ನ ಹಾಡು ಕೇಳಿಸ್ಕೋತ ಕಾಚಿಗೂಡದಿಂದ ಕರ್ಕೊಂಡು ಬರೂನು. ಆಕಿ ಹೂಂ ಅಂದ್ರ ನಂದೂ ಹೂಂ. ಆಕಿ ಒಲ್ಲೆ ಅಂದ್ರ, ತಮ್ಮಾ, ನಿನ್ನ ದಾರಿ ನಿನಗ."

ಹಿಂದಿನ ರಾಜರು ಸ್ವಯಂವರಕ್ಕೆ ಬಿಲ್ಲು ಇಡುತ್ತಿದ್ದರು, ಮೌನಪ್ಪ ಮಾರುತಿ ಇಟ್ಟ.

ಭಾನುವಾರ ಬೆಳಿಗ್ಗೆ ಹುಲಗೇಶ ಮಿಂದು, ಹಣೆಗೆ ವಿಭೂತಿ ಬಳಿದು, ಅಂಗಡಿಯಲ್ಲಿದ್ದ ಸ್ಪೀಕರುಗಳಲ್ಲೆಲ್ಲ ದೈತ್ಯನಂಥ ಜೋಡಿಯನ್ನು ಎತ್ತಿಕೊಂಡು ಸನತ್‌ನಗರಕ್ಕೆ ದಂಡೆತ್ತಿ ಹೋದ. ಮ್ಯಾಗ್ನೆಟ್ಟುಗಳು ಒಂದೊಂದೂ ಜೋಳದ ರೊಟ್ಟಿ ತಟ್ಟುವ ಹಿಟ್ಟಿನ ಮುದ್ದೆಯಷ್ಟು ದಪ್ಪ. ಮುಂದಿನ ಎರಡು ಬಾಗಿಲಿಗೂ, ಹೊರಗೆ ಒಂದು ಸ್ಕ್ರೂ ಕೂಡ ಕಾಣದಂತೆ, ಪ್ಯಾಡಿನ ಹಿಂದಿನಿಂದ ಕೂರಿಸಿದ. ಹಾಡು ಹಚ್ಚಿದೊಡನೆ ಪಕ್ಕದ ಮನೆಯ ತಂತಿಯ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಮೌನಪ್ಪ ತನಗೆ ಅರಿವಿಲ್ಲದೆ ತಲೆಯಾಡಿಸಿದ. ಗ್ಲಾಸನ್ನು ಯಾರೂ ಮುಟ್ಟಲಿಲ್ಲ. ಡಿಸೆಂಬರಿನ ತಂಪು ಬೇರೆ. ಮೌನಪ್ಪನಂತೂ ಡ್ರೈವಿಂಗ್ ಹೊಸದಾಗಿ ಕಲಿತವನು. ಸ್ಟೀರಿಂಗಿನಿಂದ ಕೈ ತೆಗೆದು ಮೂಗು ಕೂಡ ತುರಿಸಿಕೊಳ್ಳುತ್ತಿರಲಿಲ್ಲ.

ಗುಂಡಮ್ಮ ರೈಲಿನಿಂದ ಇಳಿದಳು. ಗಿಡ್ಡ ದೇಹ, ಅಗಲ ಕುಂಕುಮ, ಸೊಂಟದಲ್ಲಿ ಎಲೆ-ಅಡಿಕೆಯ ಚೀಲ. ಹುಲಗೇಶನನ್ನು ಸಂತೆಯಲ್ಲಿ ಹೋರಿ ನೋಡುವಂತೆ ಸುತ್ತುಹಾಕಿ ನೋಡಿದಳು.

"ಇವನೇನು? ತೆಳ್ಳಗದಾನಲ್ಲೊ ಮೌನ್ಯಾ. ಗಾಳಿ ಬಿಟ್ರ ಹಾರಿ ಹೋಗ್ತಾನ."

"ಹಾರೂದಿಲ್ಲತ್ತಿ," ಶೈಲಾ ನಕ್ಕಳು, "ಜೇಬಿನಾಗ ಯಾವಾಗಲೂ ಮೊಳಿ, ಸ್ಕ್ರೂಡ್ರೈವರ್ ಇರ್ತಾವ."

ಹಿರಿಯಳೆಂದು ಗುಂಡಮ್ಮನಿಗೆ ಮುಂದಿನ ಸೀಟು. ಹಿಂದೆ ಒಂದು ಕಿಟಕಿಗೆ ಶೈಲಾ, ಇನ್ನೊಂದಕ್ಕೆ ಹುಲಗೇಶ, ನಡುವೆ ಗುಂಡಮ್ಮನ ಬುತ್ತಿಯ ಗಂಟು. ಗಾಡಿ ಹೊರಟಿತು. ಗುಂಡಮ್ಮ ಎರಡು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮೇಲೊಂದು ಚಿಟಿಕೆ ತಂಬಾಕು ಸೇರಿಸಿ ಬಾಯಿಗಿಟ್ಟಳು. ಭಜನೆಯ ಕ್ಯಾಸೆಟ್ಟು ಗುಡುಗತೊಡಗಿತು.

ಕೋಠಿಗೆ ಬರುವಷ್ಟರಲ್ಲಿ ಗುಂಡಮ್ಮನ ಬಾಯಿ ತುಂಬಿತ್ತು. ಗಾಡಿ ನಿಂತಿತ್ತು. ಭಾನುವಾರದ ಪುಸ್ತಕದ ಸಂತೆ ಫುಟ್‌ಪಾತಿನಿಂದ ಇಳಿದು ರಸ್ತೆಗೇ ಬಂದಿದ್ದರಿಂದ ಬಸ್ಸು, ಆಟೋ, ಗಾಡಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಎಡಕ್ಕೆ ಒಂದು ಬಸ್ಸು, ಬಾಗಿಲು ಗೇಣಗಲ ತೆರೆಯಲೂ ಆಗದಷ್ಟು ಹತ್ತಿರ. ಮಾತಾಡಲಾರದ ಗುಂಡಮ್ಮ ಡ್ಯಾಷ್‌ಬೋರ್ಡಿನ ಮೇಲೆ ಅಂಗೈಯಿಂದ ಬಡಿದಳು.

"ತಾಳ ಹಾಕಾಕತ್ತಾಳ!" ಮೌನಪ್ಪ ಹಿಗ್ಗಿದ. "ಅಕ್ಕಗ ಭಾಳ ಸೇರೇತಿ! ಶೈಲಾ, ಕೈ ಚಾಚು, ಇನ್ನಷ್ಟ ಜೋರ ಮಾಡು!"

ಜೋರಾಯಿತು. ಗುಂಡಮ್ಮ ಎರಡೂ ಕೈಯಿಂದ ಬಡಿದಳು. ಕಣ್ಣು ಅರಳಿದವು, ಕೆನ್ನೆ ಉಬ್ಬಿದವು.

"ನೋಡಲ್ಲೇ, ಭಕ್ತಿ ಅಂದ್ರ ಇದು!"

ಇನ್ನು ಈ ಮೂಢರನ್ನು ನಂಬಿ ಫಲವಿಲ್ಲವೆಂದು ಗುಂಡಮ್ಮ ತಾನೇ ಹಿಡಿಕೆ ತಿರುಗಿಸಿದಳು. ಗ್ಲಾಸು ನಾಲ್ಕು ಬೆರಳು ಇಳಿದು, ಟಕ್ ಎಂದು ನಿಂತಿತು. ಮತ್ತೆ ತಿರುಗಿಸಿದಳು, ಮತ್ತೆ ಟಕ್. ಬಾಯಿ ಎತ್ತಿ ನೋಡಿದಳು. ಆಕೆಯ ಎತ್ತರಕ್ಕೆ ಆ ಸಂದು ಸ್ವರ್ಗದಷ್ಟು ದೂರ. ಅರಿಶಿನ-ಕುಂಕುಮ ಹಚ್ಚಿ ಪೂಜೆ ಮಾಡಿದ ಗಾಡಿಯೊಳಗೆ ಉಗುಳುವ ಹೆಂಗಸಲ್ಲ ಗುಂಡಮ್ಮ. ಕಣ್ಣಲ್ಲಿ ನೀರು ಬಂತು.

ಈಗ ಮೌನಪ್ಪನಿಗೆ ಅರ್ಥವಾಯಿತು. "ಅಯ್ಯೊ, ಎಲಿ! ಗ್ಲಾಸು ಜಾಮ್ ಆಗೇತಿ! ಆ ಗಾಡಿ ಮಾರಿದ ಬಾಡಕಾವ್ ನನಗ ಟೋಪಿ ಹಾಕ್ಯಾನ. ನಾಳೆ ಅವನ ಕುತ್ತಿಗಿ ಹಿಡೀತೀನಿ!"

ಉಳಿದವರಿಗೆ ಭಜನೆ ಕೇಳಿಸುತ್ತಿದ್ದರೆ ಹುಲಗೇಶನಿಗೆ ಆ ಟಕ್ ಒಂದೇ ಕೇಳಿಸುತ್ತಿತ್ತು. ಅದು ಗ್ಲಾಸು ಮ್ಯಾಗ್ನೆಟ್ಟಿಗೆ ಮುತ್ತಿಟ್ಟ ಸದ್ದು. ಸುಮ್ಮನಿದ್ದರೆ ಎಲ್ಲಿಯೋ ಇದ್ದ ಗಾಡಿ ಮಾರಿದವನ ಕುತ್ತಿಗೆ ಹೋಗುತ್ತಿತ್ತು, ತನ್ನ ಕುತ್ತಿಗೆಗೆ ಮದುವೆಯ ಹಾರ ಬರುತ್ತಿತ್ತು. ಶೈಲಾಳ ಕಡೆ ನೋಡಿದ. ಆಕೆಯ ದೃಷ್ಟಿ ಗ್ಲಾಸಿನಿಂದ ಸ್ಪೀಕರಿನ ಜಾಗಕ್ಕೆ, ಸ್ಪೀಕರಿನಿಂದ ಇವನ ಮುಖಕ್ಕೆ ಬಂದು ನಿಂತಿತ್ತು.

"ಮಾಮಾ, ಮಾರಿದವಂದು ತಪ್ಪಿಲ್ರಿ. ಸ್ಪೀಕರ್ ದೊಡ್ಡದಾತು. ಗ್ಲಾಸು ಇಳಿಸಿ ನೋಡ್ಲಿಲ್ಲ ನಾ. ತಪ್ಪು ನಂದು."

"ಯಾರಿಗಂದಿ ಮಾಮಾ?" ಮೌನಪ್ಪ ಗರ್ಜಿಸಿದ. "ಇನ್ನೂ ನಾ ಯಾರ ಮಾಮಾನೂ ಆಗಿಲ್ಲ!"

ಅಷ್ಟರಲ್ಲಿ ಹುಲಗೇಶ ಎರಡು ಸೀಟಿನ ನಡುವೆ ನುಗ್ಗಿ ಗುಂಡಮ್ಮನ ಮಡಿಲ ಮೇಲೆ ಅಡ್ಡ ಬಿದ್ದಿದ್ದ. ಹೆಣ್ಣು ಕೇಳಲು ಬಂದವರು ಹಿರಿಯರ ಕಾಲಿಗೆ ಬೀಳುವುದು ವಾಡಿಕೆ. ಮಡಿಲಿಗೆ ಬಿದ್ದವನು ಬಹುಶಃ ಇವನೊಬ್ಬನೇ. ಜೇಬಿನಿಂದ ಕರವಸ್ತ್ರ ಎಳೆದ. ಗುಂಡಮ್ಮನ ಮುಖ ಅರಳಿತು, ಅದು ತನಗೇ ಎಂದು ಬಾಗಿದಳು. ಕರವಸ್ತ್ರ ಅವಳ ತುಟಿಯ ಮುಂದಿನಿಂದ ಹಾದು ಹಿಡಿಕೆಯ ಹಿಂದೆ ಸೇರಿತು. ಗುಂಡಮ್ಮನ ಗಂಟಲಿನಿಂದ ಹೊರಟ ಸದ್ದಿಗೆ ಯಾವ ಭಾಷೆಯಲ್ಲೂ ಅಕ್ಷರವಿಲ್ಲ. ಟಣ್! ಲಾಕು ಹಾರಿತು. ಪ್ಯಾಡಿನ ಅಂಚಿಗೆ ಬೆರಳು ಹೊಕ್ಕವು.

ಇಲ್ಲಿ ನಮಸ್ಕಾರಕ್ಕೆ ಪುರುಸೊತ್ತಿರಲಿಲ್ಲ. ಹುಲಗೇಶ ಕಣ್ಣು ಮುಚ್ಚಿ ಎಳೆದ. ಲಟಕ್, ಲಟಕ್, ಲಟಕ್. ಜೀವಮಾನದಲ್ಲಿ ಕ್ಲಿಪ್ಪು ಮುರಿಯದವನ ಕೈಯಲ್ಲಿ ಕ್ಲಿಪ್ಪುಗಳು ಕಡಲೆಯಂತೆ ಪುಡಿಯಾದವು. ಹಿಂದಿನಿಂದ ಹಾರ್ನುಗಳು ರಣಕಹಳೆ ಊದಿದವು. ಬಲಗಡೆಯ ಆಟೋದವನು ತಲೆ ಹೊರಹಾಕಿ, "ಅರೇ ಭಾಯ್, ಗಾಡೀಕೂ ಯಹೀಂಚ್ ಖೋಲ್ತೇ ಕ್ಯಾ?" ಎಂದು, ಗಾಡಿ ಬಿಚ್ಚಲು ನಡುರಸ್ತೆಯೇ ಬೇಕಿತ್ತೇ ಎಂಬಂತೆ ಕೇಳಿದ. ಹುಲಗೇಶ ಸ್ಕ್ರೂಗಳನ್ನು ತಿರುವಿ ಸ್ಪೀಕರನ್ನು ಹೊರಗೆಳೆದ. ತಂತಿ ಕಡಿಯಲಿಲ್ಲವಾದ್ದರಿಂದ ಅದು ಅವನ ಕೈಯಲ್ಲೇ ಭಜನೆ ಮುಂದುವರಿಸಿತು. ಹಿಡಿಕೆ ಸಿಕ್ಕಿಸಿ ತಿರುಗಿಸಿದ. ಗ್ಲಾಸು ಸರ್ರನೆ ಪಾತಾಳಕ್ಕಿಳಿಯಿತು.

ಗುಂಡಮ್ಮ ಅಂದು ಉಗುಳಿದ್ದನ್ನು ಕೋಠಿ ಮರೆತಿರಲಾರದು. ಕೆಂಪು ಕಮಾನೊಂದು ಕಿಟಕಿಯಿಂದ ಚಿಮ್ಮಿ ಬಸ್ಸಿನ ಪಕ್ಕೆಗೆ ಬಡಿಯಿತು. 'ಆರು ತಿಂಗಳಲ್ಲಿ ಜಾವಾ, ಕೆಲಸ ಗ್ಯಾರಂಟಿ' ಎಂದು ಅಲ್ಲಿ ಬರೆದಿದ್ದ ಜಾಹೀರಾತಿನಲ್ಲಿ ಗ್ಯಾರಂಟಿ ಪೂರ್ತಿ ಅಳಿಸಿಹೋಯಿತು.

ಗುಂಡಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, ಮಡಿಲಲ್ಲಿ ಇನ್ನೂ ಅಡ್ಡ ಬಿದ್ದಿದ್ದವನ ತಲೆಯನ್ನು ನೋಡಿದಳು.

"ನನ್ನ ಕೊಲ್ಲಾಕ ಹತ್ತಿದ್ದೆಲ್ಲೋ, ಮುಕಳ್ಯಾ."

"ತಪ್ಪಾತ್ರೀ ಯವ್ವಾ."

"ಅದನ್ನ ಆಗಲೇ ಕೇಳೀನಿ. ಮೌನ್ಯಾ, ನಿಮ್ಮ ಮಾವ ನನ್ನ ಜೋಡಿ ಇಡೀ ಬಾಳುವೆ ಮಾಡಿದ. ಬಚ್ಚಲ ಇಳಿಜಾರು ಅಡಿಗಿಮನಿ ಕಡೆ ಕಟ್ಟಿಸಿ, ಸಾಯೂತನಕ ಅದು ಗೌಂಡಿ ತಪ್ಪು ಅಂದ. ದಿನಾ ನೀರು ಬಳದಾಕಿ ನಾನು. ಇವ ತಾ ಕೂಡಿಸಿದ್ದನ್ನ ತಾನ ಕಿತ್ತ. ಕೊಡು ಹುಡುಗೀನ್ನ."

"ಅಕ್ಕಾ, ಗಾಡಿ ಬಾಗಲಾ ಹೋತಲ್ಲ!"

"ಬಾಗಲಾ ಹೋದ್ರ ಹೋಗ್ಲಿ, ಗಾಳಿ ಬರ್ತೈತಿ."

"ಅತ್ತಿ, ನನ್ನೂ ಒಂದ್ಮಾತು ಕೇಳ್ರಿ," ಎಂದಳು ಶೈಲಾ.

"ಕೇಳಿದ್ವಿ. ಹೇಳು."

"ಮೊದ್ಲು ಅವನ್ನ ನಿಮ್ಮ ತೊಡಿ ಮ್ಯಾಲಿಂದ ಎಬ್ಬಿಸ್ರಿ. ಆಮ್ಯಾಲ ಹೂಂ ಅಂತೀನಿ."

ಹುಲಗೇಶ ಎದ್ದು ಹಿಂದಕ್ಕೆ ಸರಿಯಲು ನೋಡಿದ. ಸ್ಪೀಕರಿನ ತಂತಿ ಅಷ್ಟುದ್ದ ಇರಲಿಲ್ಲ. ಹೀಗಾಗಿ ಸನತ್‌ನಗರದವರೆಗೂ ಅವನು ಎರಡು ಸೀಟಿನ ನಡುವೆ ಬಾಗಿ, ಹಾಡುವ ಸ್ಪೀಕರನ್ನು ಕೂಸಿನಂತೆ ಎತ್ತಿ ಹಿಡಿದೇ ಬಂದ. ಬಸ್ಸುಗಳ ಹೊಗೆಯೆಲ್ಲ ತೆರೆದ ಕಿಟಕಿಯಿಂದ ಅವನ ಮುಖಕ್ಕೇ ಬಡಿಯುತ್ತಿತ್ತು. ಗುಂಡಮ್ಮ ಆರಾಮಾಗಿ ಮತ್ತೆರಡು ಎಲೆಗೆ ಸುಣ್ಣ ಸವರುತ್ತಿದ್ದಳು. ಮೌನಪ್ಪ ಸ್ಟೀರಿಂಗಿನಿಂದ ಕೈ ತೆಗೆಯದೆ, ತಿರುಗಿಯೂ ನೋಡದೆ, ಮೊದಲ ಸಲ ಅವನನ್ನು ಅಳಿಯಾ ಎಂದು ಕರೆದ.

"ಅಳಿಯಾ, ಮನಿಗೆ ಹೋದಕೂಡ್ಲೆ ನನ್ನ ಕಡಿ ಬಾಗಲಾನೂ ಬಿಚ್ಚು. ನಾನೂ ಎಲಿ ಹಾಕ್ತೀನಿ."