ಯಂತ್ರದ ಮೂಗಿಗೆ ಸುಣ್ಣ

ಹುತ್ತೂರಿನ ರಾಮಲಕ್ಷ್ಮಮ್ಮ ಮೂವತ್ತು ವರ್ಷದಿಂದ ರೇಷ್ಮೆಹುಳು ಸಾಕುತ್ತಿದ್ದಾಳೆ. ಹುಳುಮನೆಗೆ ಕಾಲಿಟ್ಟ ಕೂಡಲೇ ಮುಂಗೈಯನ್ನು ತಟ್ಟೆಯ ಮೇಲೆ ಚಾಚುತ್ತಾಳೆ. ಅಷ್ಟರಲ್ಲೇ ತೇವ ಹೆಚ್ಚೋ ಕಮ್ಮಿಯೋ ಅವಳಿಗೆ ತಿಳಿದುಬಿಡುತ್ತದೆ. ಆದರೆ ಆ ಕೈಯನ್ನು ಮನೆಯಲ್ಲಿಟ್ಟು ಊರಿಗೆ ಹೋಗಲಾಗುತ್ತದೆಯೇ? ಹಾಗಾಗಿ ಹುಳು ಇದ್ದಾಗ ಅವಳು ಎಲ್ಲಿಗೂ ಹೋದವಳಲ್ಲ. ಯಲ್ದೂರಿನ ಅಕ್ಕ ದೊಡ್ಡಮುನಿಯಮ್ಮನ ಮನೆಯಲ್ಲಿ ಎರಡು ಮದುವೆ, ಒಂದು ನಾಮಕರಣ ಆದವು. ಒಂದಕ್ಕೂ ಹೋಗಲಿಲ್ಲ. ಈಗ ಅಕ್ಕ ಹೊಸ ಮನೆ ಕಟ್ಟಿಸಿದ್ದಳು. ಮುಂದಿನ ವಾರದ ಬುಧವಾರ ಗೃಹಪ್ರವೇಶ. "ಈ ಸಲ ಬರ್ಲಿಲ್ಲಾಂದ್ರೆ ನಾನು ಸತ್ತಾಗ್ಲೂ ಬರ್ಬೇಡ ಕಣೇ" ಎಂದು ಫೋನ್ ಇಟ್ಟುಬಿಟ್ಟಿದ್ದಳು.

ಅದೇ ವಾರ ಸೊಸೆ ಅನಿತ ಒಂದು ಡಬ್ಬ ತರಿಸಿದಳು. ಸ್ಮಾರ್ಟ್ ಹೋಮ್ ಹಬ್ ಅಂತೆ. ಅಂಗೈಯಗಲದ ಬಿಳಿ ಬಿಲ್ಲೆ, ಜೊತೆಗೆ ಎರಡು ಪ್ಲಗ್ಗು, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಸೆನ್ಸರ್. ಫೋನಿನಲ್ಲೇ ಲೈಟು, ಫ್ಯಾನು ಹಾಕಬಹುದಂತೆ. ಇಷ್ಟವಾಗದಿದ್ದರೆ ಹತ್ತು ದಿನದೊಳಗೆ ವಾಪಸ್ಸು ಕಳಿಸಬಹುದು.

"ಯಾಕಮ್ಮಾ, ಸ್ವಿಚ್ ಒತ್ತೋಕೆ ಕೈ ನೋವಾ?" ಎಂದು ಮಾವ ಮುನಿಯಲ್ಲಪ್ಪ ನಕ್ಕ.

ರಾಮಲಕ್ಷ್ಮಮ್ಮ ನಗಲಿಲ್ಲ. ಸೆನ್ಸರನ್ನು ತಿರುಗಿಸಿ ನೋಡಿದಳು, ಕಿವಿಯ ಹತ್ತಿರ ಹಿಡಿದಳು, ಅದರ ಬೆನ್ನಿಗಿದ್ದ ಸಣ್ಣ ತೂತುಗಳನ್ನು ಎಣಿಸಿದಳು. "ಇದೇನೇ ತೂತು?"

"ಅದ್ರಲ್ಲಿ ಗಾಳಿ ಹೋಗುತ್ತೆ ಅತ್ತೆ. ಸೆಖೆ ಎಷ್ಟು, ತೇವ ಎಷ್ಟು ಅಂತ ಹೇಳುತ್ತೆ."

"ತೇವಾನಾ? ಹಂಗಾದ್ರೆ ಇದು ಹುಳುಮನೇಲಿ ಇರ್ಬೇಕಲ್ಲೇ!"

ಅಲ್ಲಿಂದ ಶುರುವಾಯಿತು ನೋಡಿ ಒದ್ದಾಟ. ಜೋಡಿಸಲು ಕೋಲಾರದಿಂದ ಬಂದವನನ್ನು ರಾಮಲಕ್ಷ್ಮಮ್ಮ ಹೊಸ್ತಿಲು ದಾಟಲು ಬಿಡಲಿಲ್ಲ. ಹೊರಗಿನವರು ಹುಳುಮನೆಗೆ ಬಂದರೆ ಹುಳುವಿಗೆ ರೋಗ ಬರುತ್ತದೆ, ಅದು ಊರಿಗೆಲ್ಲ ಗೊತ್ತು. ಪಾಪ, ಆತ ಬಿಸಿಲಲ್ಲಿ ನಿಂತು "ಬಟನ್ ಐದು ಸೆಕೆಂಡ್ ಒತ್ತಿ, ನೀಲಿ ಲೈಟ್ ಬಂತಾ?" ಎಂದು ಕೂಗುತ್ತಿದ್ದ. ಒಳಗೆ ಅತ್ತೆ ಸೊಸೆ ಒತ್ತುತ್ತಿದ್ದರು. ಬರುತ್ತಿದ್ದದ್ದು ಕೆಂಪು ಲೈಟು. ಪಾಸ್‌ವರ್ಡ್ ಏಳು ಸಲ ತಪ್ಪಾಯಿತು. ಎರಡು ಸಲ ಕರೆಂಟೇ ಹೋಯಿತು. ಆತ ಸಾಕಾಗಿ ಹೊರಟುಹೋದ. ಮಾರನೆಯ ದಿನ ಮಧ್ಯಾಹ್ನ ನೀಲಿ ಲೈಟು ಹತ್ತಿದಾಗ ಇಬ್ಬರೂ ಚಪ್ಪಾಳೆ ತಟ್ಟಿದರು.

ಇನ್ನು ಪರೀಕ್ಷೆ. ದಿನಕ್ಕೆ ನಾಲ್ಕು ಸಲ ರಾಮಲಕ್ಷ್ಮಮ್ಮ ಕೈ ಚಾಚಿ ಮೊದಲು ತಾನೊಂದು ಅಂಕಿ ಹೇಳುವಳು, ಆಮೇಲೆ ಅನಿತ ಫೋನ್ ನೋಡುವಳು. ಅತ್ತೆ ಎಪ್ಪತ್ತೈದು ಅಂದರೆ ಯಂತ್ರ ಎಪ್ಪತ್ನಾಲ್ಕು ಅನ್ನುತ್ತಿತ್ತು. "ಪರವಾಗಿಲ್ವೇ, ಚೂಟಿಯಾಗೈತೆ" ಎಂದು ರಾಮಲಕ್ಷ್ಮಮ್ಮ ಹಿಗ್ಗಿದಳು. ತೇವ ಕಮ್ಮಿಯಾದರೆ ನೀರಿನ ಮಂಜು ಚಿಮ್ಮುವ ಫಾಗರ್ ತಾನಾಗಿಯೇ ಓಡುವಂತೆ ಅನಿತ ಅದನ್ನು ಒಂದು ಪ್ಲಗ್ಗಿಗೆ ಜೋಡಿಸಿದಳು. ಯಾವಾಗ ಎಷ್ಟು, ಯಾಕೆ ಅಷ್ಟೇ ಎಂದು ಅವಳು ಕೇಳಿದ್ದಕ್ಕೆಲ್ಲ ಅತ್ತೆ ಉತ್ತರ ಹೇಳಿದಳು. ಮದುವೆಯಾಗಿ ಆರು ವರ್ಷವಾದರೂ ಸೊಸೆಗೆ ಸೊಪ್ಪು ಕೊಯ್ಯುವುದಷ್ಟೇ ಕೆಲಸವಾಗಿತ್ತು. ಹುಳುವಿನ ವಿಷಯ ಯಾರೂ ಇಷ್ಟು ಹೇಳಿರಲಿಲ್ಲ.

ಮಂಗಳವಾರ ಸಂಜೆ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತವು. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಹೊತ್ತು. ಆಗ ಹುಳು ಸೊಪ್ಪು ಮುಟ್ಟದೆ, ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಹಾಸಿಗೆ ಒಣಗಿರಬೇಕು, ಒದ್ದೆಯಾದರೆ ಬೆಳೆ ಹೋದಂತೆಯೇ. ತೇವ ಅರವತ್ತಕ್ಕಿಂತ ಕೆಳಗಿಳಿದರೆ ಮಾತ್ರ ಫಾಗರ್ ಓಡುವಂತೆ ಅನಿತ ಅಂಕಿಯನ್ನು ಇಳಿಸಿದಳು. ರಾಮಲಕ್ಷ್ಮಮ್ಮ ರೂಢಿಯಂತೆ ತಟ್ಟೆಗಳ ಮೇಲೆಲ್ಲ ಸುಣ್ಣದ ಪುಡಿ ಉದುರಿಸಿದಳು.

ಬುಧವಾರ ಬೆಳಿಗ್ಗೆ ಹಸಿರು ಸೀರೆಯುಟ್ಟು, ಮಡಿಲಕ್ಕಿಯ ಚೀಲ ಹಿಡಿದು ಅಂಗಳಕ್ಕಿಳಿದಳು. ಆಗಲೇ ಹುಳುಮನೆಯಿಂದ ಸುಯ್ಯೆನ್ನುವ ಸದ್ದು ಕೇಳಿಸಿತು. ಫಾಗರ್! ಚೀಲ ಬಿಸಾಡಿ ಓಡಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಕಾಲು ತೊಳೆಯದೆ ಒಳನುಗ್ಗಿ ಪ್ಲಗ್ಗನ್ನು ಕಿತ್ತಳು. ಬಾಗಿಲ ಕಡೆಯ ಎರಡು ತಟ್ಟೆಗಳ ಅಂಚು ತೇವವಾಗಿತ್ತು, ಅಷ್ಟೇ. ಅತ್ತೆ ಸೊಸೆ ಸೇರಿ ಅಲ್ಲಿಗೆ ಮತ್ತೆ ಸುಣ್ಣ ಎರಚಿದರು.

ಫೋನಿನಲ್ಲಿ ನಲವತ್ತು ಎಂದಿತ್ತು. "ಸುಳ್ಳು ಮುಂಡೇದು!" ಎಂದು ಅನಿತ ಅಳುವಂತಾದಳು. "ನಾಳೆ ಕಡೇ ದಿನ ಅತ್ತೆ, ವಾಪಸ್ ಕಳಿಸಿಬಿಡ್ತೀನಿ."

"ನಾನು ಅವತ್ತೇ ಹೇಳ್ಲಿಲ್ವಾ?" ಎಂದು ಹೊರಗಿನಿಂದ ಮುನಿಯಲ್ಲಪ್ಪ ಕೂಗಿದ.

ರಾಮಲಕ್ಷ್ಮಮ್ಮನಿಗೂ ಕೋಪ ಬಂದಿತ್ತು. ಆದರೆ ಅವಳ ಕುತೂಹಲ ಕೋಪಕ್ಕಿಂತ ಒಂದು ಗೇಣು ಉದ್ದ. ಎಂಟು ದಿನ ಸರಿಯಾಗಿ ಹೇಳಿದ್ದು ಇವತ್ತೇಕೆ ತಪ್ಪಿತು? ಸೆನ್ಸರನ್ನು ಬಿಚ್ಚಿ ಬೆಳಕಿಗೆ ಹಿಡಿದಳು. ಬೆನ್ನಿನ ತೂತುಗಳ ತುಂಬ ಬೆಳ್ಳಗೆ ಪುಡಿ ಮೆತ್ತಿಕೊಂಡಿತ್ತು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಹುಳದ ಜೊತೆ ಇದಕ್ಕೂ ಸುಣ್ಣ ಹಾಕಿದ್ದೀನಲ್ಲೇ. ತೇವಾನೆಲ್ಲ ಸುಣ್ಣ ಕುಡಿದ್ರೆ ಇದೇನು ಹೇಳೀತು? ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

ಮರಿಹುಳು ಸರಿಸುವ ಕೋಳಿಪುಕ್ಕದಿಂದ ತೂತುಗಳನ್ನು ಒಂದೊಂದಾಗಿ ಗುಡಿಸಿದಳು. ಸ್ವಲ್ಪ ಹೊತ್ತಿಗೆ ಫೋನು ಎಪ್ಪತ್ತೆರಡು ತೋರಿಸಿತು.

ಆದರೂ ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. "ತೇವ ಇದು ಹೇಳುತ್ತೆ. ಇದರ ಮೂಗು ಕಟ್ಟಿದ್ರೆ ಹೇಳೋರು ಯಾರು? ನಾನು ಹೋಗಲ್ಲ."

ಅನಿತ ಚೀಲವನ್ನು ಎತ್ತಿ ಧೂಳು ಕೊಡವಿದಳು. "ನಾನಿಲ್ವಾ ಅತ್ತೆ? ಒಂಬತ್ತರ ಬಸ್ಸು ಬರುತ್ತೆ. ಏಳಿ."

ಎದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಸೆರಗಿನ ತುದಿಯನ್ನು ಹಿಂಡುತ್ತಲೇ ಇದ್ದಳು.

ಯಲ್ದೂರಿನಲ್ಲಿ ಅಕ್ಕ ಬಾಗಿಲಿಗೇ ಓಡಿಬಂದು "ವಚ್ಚಿನಾವಾ ತಲ್ಲೀ, ಬಂದ್ಯೇನೇ ತಾಯೀ!" ಎಂದು ತೆಲುಗು ಕನ್ನಡ ಎರಡರಲ್ಲೂ ಕೂಗಿ ತಬ್ಬಿಕೊಂಡು ಅತ್ತಳು. ರಾಮಲಕ್ಷ್ಮಮ್ಮನೂ ಅತ್ತಳು. ಹೊಸ ಮನೆಯ ಮೂಲೆಮೂಲೆಯನ್ನೂ ನೋಡಿದಳು. ಆದರೆ ಎಲೆಯ ಮುಂದೆ ಕೂತರೆ ತುತ್ತು ಇಳಿಯಲೊಲ್ಲದು. ಅಷ್ಟರಲ್ಲಿ ಅನಿತಳ ಫೋನು ಬಂತು.

"ಅತ್ತೆ, ಈಗ ತಾನೇ ಒಳಗೆ ಬಂದೆ. ನನ್ನ ಕೈ ಎಪ್ಪತ್ತು ಅಂತಿದೆ. ಯಂತ್ರದ್ದು ಇನ್ನೂ ನೋಡಿಲ್ಲ."

ರಾಮಲಕ್ಷ್ಮಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದಳು, "ಕೈನಾ? ನಿನ್ನ ಕೈನಾ?"

"ಹೂಂ ಅತ್ತೆ. ನೋಡ್ಲಾ?"

"ನೋಡೇ, ಬೇಗ ನೋಡು!"

"ಎಪ್ಪತ್ತೊಂದು."

ಅವಳು ಕಣ್ಣೊರೆಸಿಕೊಂಡು ಎಲೆಯನ್ನು ಹತ್ತಿರಕ್ಕೆಳೆದುಕೊಂಡಳು. "ಅನಿತಾ, ವಾಪಸ್ ಕಳಿಸೋಕೇಂತ ಆ ಖಾಲಿ ರಟ್ಟಿನ ಡಬ್ಬ ಅಟ್ಟದ ಮೇಲೆ ಇಟ್ಟಿದ್ದೀಯಲ್ಲ, ಅದನ್ನ ಒಲೆಗೆ ಹಾಕು. ನಾನು ನಾಳೆ ಬರ್ತೀನಿ."