ಬೀರುವಿನಲ್ಲಿರುವ ಅಡಾಪ್ಟರ್

ನಮ್ಮ ಶಾಲೆಯ ಜಯಪ್ರಕಾಶ್ ಮೇಷ್ಟ್ರು ಕಂಪ್ಯೂಟರ್ ಕಲಿಸುವವರು ಎಂದು ನಾನು ಹೇಳಲಾರೆ, ಕಾಯುವವರು. ದಾನಿಗಳು ಕೊಟ್ಟ ಕಂಪ್ಯೂಟರು ಅಂಗೈಯಗಲದ್ದು, ಹೊಸದು, ಮಾನಿಟರು ಹಳೆಯದು. ಒಂದರ ಕೇಬಲ್ಲು ಇನ್ನೊಂದಕ್ಕೆ ಕೂರುವುದಿಲ್ಲವಾದ್ದರಿಂದ ನಡುವೆ ಬೆರಳುದ್ದದ ಅಡಾಪ್ಟರ್ ಬೇಕು. ಮಳವಳ್ಳಿಯಲ್ಲಿ ಸಿಗದೆ ಮಂಡ್ಯದಿಂದ ತಂದ ಅದನ್ನು ಮೇಷ್ಟ್ರು ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದಾರೆ. ಹೆಂಡತಿಯ ಒಡವೆಯನ್ನೂ ಇಷ್ಟು ಜೋಪಾನ ಮಾಡಿರಲಾರರು. ಮಕ್ಕಳು ಕೇಳಿದರೆ, "ಮುಟ್ಟುದ್ರೆ ಕೆಟ್ಟೋಯ್ತದೆ ಕಣ್ರಲಾ, ಆಮೇಲೆ ಮಂಡ್ಯಕ್ಕೆ ನಿಮ್ಮಪ್ಪ ಓಯ್ತಾನಾ?" ಎನ್ನುತ್ತಾರೆ. ನಾನು ಕೇಳಿದರೆ, "ಸಾಹೇಬ್ರು ಬರ್ಲಿ ಬುಡಿ ಮೇಡಂ, ಆಗ ಆಕೋಣ." ಅದು ಹೊರಬರುವುದು ಆಯುಧಪೂಜೆಗೆ ಮಾತ್ರ. ಅರಿಶಿನ ಕುಂಕುಮವನ್ನು ನೀರಿನಲ್ಲಿ ಕಲೆಸಿ ಕಂಪ್ಯೂಟರಿಗೆ, ಮಾನಿಟರಿಗೆ, ಕೊನೆಗೆ ಅಡಾಪ್ಟರಿನ ಪಿನ್ನುಗಳಿಗೂ ಭಕ್ತಿಯಿಂದ ಹಚ್ಚಿ ಮತ್ತೆ ಬೀಗ ಹಾಕುತ್ತಾರೆ. ಕಳೆದ ತಿಂಗಳು ಶಾಲೆಯ ತಪಾಸಣೆಗೆ ಸಾಹೇಬರು ಬಂದೇಬಿಟ್ಟರು. ಎಲ್ಲ ಜೋಡಿಸಿದರೂ ಪರದೆಯಲ್ಲಿ ಏನೂ ಮೂಡಲಿಲ್ಲ; ಪಿನ್ನುಗಳು ಕಿಲುಬು ಹಿಡಿದು ಹಸಿರಾಗಿದ್ದವು. ಮೇಷ್ಟ್ರು ನನ್ನ ಕಡೆ ತಿರುಗಿ, "ನೋಡುದ್ರಾ ಮೇಡಂ, ಬೀರುನಲ್ಲಿಟ್ರೇ ಇಂಗಾಯ್ತು. ಇನ್ನು ಮಕ್ಳ ಕೈಗೆ ಕೊಟ್ಟಿದ್ರೆ!" ಎಂದರು. ಆಮೇಲೆ ಬಂದ ಪರೀಕ್ಷೆಯಲ್ಲಿ ಕಂಪ್ಯೂಟರಿನ ಚಿತ್ರ ಬರೆಯಿರಿ ಎಂಬ ಪ್ರಶ್ನೆಯಿತ್ತು. ಏಳನೇ ತರಗತಿಯ ದೀಪಿಕ ಪರದೆಗೆಲ್ಲ ಕಪ್ಪು ಬಳಿದು, ನಡುವೆ ಕೆಂಪಗೆ ಒಂದು ಕುಂಕುಮದ ಬೊಟ್ಟಿಟ್ಟಿದ್ದಳು. ಮೇಷ್ಟ್ರು ಪೂರ್ತಿ ಅಂಕ ಕೊಟ್ಟಿದ್ದಾರೆ.